ಅಕಿಹಬಾರದಲ್ಲಿ ಸಿಕ್ಕ ಹಳೇ ಸಾಲ

ಆಫೀಸ್ ಕೆಲಸದ ಮೇಲೆ ಎರಡು ವಾರ ಟೋಕಿಯೋಗೆ ಹೋಗಿದ್ದೆ. ಸಿಕ್ಕಿದ್ದು ಒಂದೇ ಭಾನುವಾರದ ಬಿಡುವು. ಜೊತೆಯವರು ಫ್ಯೂಜಿ ಪರ್ವತ ನೋಡೋಕೆ ಹೊರಟರು. ನಾನು ಯಾಮಾನೋತೆ ರೈಲು ಹಿಡಿದು ಅಕಿಹಬಾರಕ್ಕೆ ಹೋದೆ.

ಯುದ್ಧ ಮುಗಿದ ಮೇಲೆ ರೇಡಿಯೋ ಬಿಡಿಭಾಗ ಮಾರುವವರಿಂದ ಬೆಳೆದ ಪೇಟೆ ಇದು. ನಮ್ಮ ಬೆಂಗಳೂರಿನ ಎಸ್.ಪಿ. ರೋಡನ್ನು ಹತ್ತು ಪಟ್ಟು ಅಗಲ ಮಾಡಿ ಬಣ್ಣದ ದೀಪ ಹಚ್ಚಿದಂತಿದೆ. ಭಾನುವಾರ ಮಧ್ಯಾಹ್ನ ಮುಖ್ಯರಸ್ತೆಗೆ ವಾಹನ ಬಿಡುವುದಿಲ್ಲ, ನಡುರಸ್ತೆಯಲ್ಲೇ ಆರಾಮಾಗಿ ನಡೀಬಹುದು. ಒಂದು ಇಕ್ಕಟ್ಟು ಕಟ್ಟಡದ ಮೆಟ್ಟಿಲು ಹತ್ತಿದರೆ ಸೂಪರ್ ಪೊಟಾಟೊ ಅನ್ನೋ ಹಳೇ ಗೇಮ್‌ಗಳ ಅಂಗಡಿ. ಎಲ್ಲಿ ನೋಡಿದರೂ ಕ್ಯಾಸೆಟ್‌ಗಳು. ದಾವಣಗೆರೆಯಲ್ಲಿ ನಾವು ಕ್ಯಾಸೆಟ್ ಅಂತಲೇ ಕರೀತಿದ್ವಿ. ಜಪಾನಿನವರೂ ‘ಕಸೆತ್ತೊ’ ಅಂತಾರೆ ಅಂತ ಗೊತ್ತಾಗಿ ಖುಷಿಯಾಯಿತು.

ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ 1983ರಲ್ಲಿ ಬಂತು. ನಮ್ಮ ಮನೆಯಲ್ಲಿದ್ದದ್ದು ಅದರ ನಕಲು. ಹಳದಿ ಕ್ಯಾಸೆಟ್ ಮೇಲೆ ‘9999999 ಇನ್ 1’ ಅಂತ ಬರೆದಿರೋದು, ಆಡಿದರೆ ಅದೇ ಮಾರಿಯೋ, ಅದೇ ಕಾಂಟ್ರಾ ತಿರುಗಿ ಬರೋದು. ಅಸಲಿ ಸೂಪರ್ ಮಾರಿಯೋ ಇಡೀ ಆಟ ಬರೀ 40 ಕೆಬಿ. ಜಾಗ ಉಳಿಸೋಕೆ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇವತ್ತು ನಾವು ಫೋನಲ್ಲಿ ತೆಗೆಯೋ ಒಂದು ಫೋಟೋ ಅದಕ್ಕಿಂತ ಎಷ್ಟೋ ದೊಡ್ಡದು!

ಎದುರುಮನೆ ಗೆಳೆಯನದು ಸೆಗಾ. ಅವನ ಮಾವ ದುಬೈಯಿಂದ ತಂದದ್ದು. ಅವನು ಸೋನಿಕ್ ಪಾರ್ಟಿ, ನಾನು ಮಾರಿಯೋ ಪಾರ್ಟಿ. “ನಿಂದು ಡೂಪ್ಲಿಕೇಟ್ ಲೇ” ಅಂತ ಅವನು, “ನಿನ್ ಹತ್ರ ಇರೋದೇ ಎರಡು ಕ್ಯಾಸೆಟ್” ಅಂತ ನಾನು. ಬೇಸಿಗೆ ರಜೆಯೆಲ್ಲ ಇದೇ ಜಗಳ. ಒಳಗೊಳಗೆ ಮಾತ್ರ ನನಗೆ ಸೋನಿಕ್ ಮೇಲೆ ಭಾರಿ ಆಸೆ.

ಒಂದು ಮಧ್ಯಾಹ್ನ ಅವನ ಸೋನಿಕ್ ಕ್ಯಾಸೆಟ್ಟನ್ನು ಅಂಗಿಯೊಳಗೆ ಮುಚ್ಚಿಟ್ಟು ತಂದೆ. ನಮ್ಮ ಕ್ಯಾಸೆಟ್‌ಗೆ 60 ಪಿನ್, ಸೆಗಾದ್ದಕ್ಕೆ 64. ಒಂದರಲ್ಲಿ ಇನ್ನೊಂದು ಕೂರೋದೇ ಇಲ್ಲ ಅಂತ ಎಂಟು ವರ್ಷದವನಿಗೆ ಏನು ಗೊತ್ತು? ಊದಿದೆ, ಒತ್ತಿದೆ, ಕೊನೆಗೆ ಬಲವಂತವಾಗಿ ತುರುಕಿದೆ. ಟಕ್ ಅಂತ ಒಳಗಿನ ಬೋರ್ಡ್ ಮುರೀತು. ಹಿತ್ತಲ ಹಾಳುಬಾವಿಗೆ ಎಸೆದು ಸುಮ್ಮನಾದೆ. ಮರುವರ್ಷ ಅವರು ಊರು ಬಿಟ್ಟರು.

ಈಗ ಕಣ್ಣೆದುರಿಗೆ ಅದೇ 1991ರ ಸೋನಿಕ್. ಕೊಂಡು, ಫೋಟೋ ತೆಗೆದು, ನಡೆದದ್ದನ್ನೆಲ್ಲ ಅವನಿಗೆ ವಾಟ್ಸ್ಯಾಪ್‌ನಲ್ಲಿ ಬರೆದೆ. ನಗುವ ಇಮೋಜಿ ಬರುತ್ತೆ ಅಂದುಕೊಂಡಿದ್ದೆ. ಬಹಳ ಹೊತ್ತಾದ ಮೇಲೆ ಉತ್ತರ ಬಂತು: “ಅದು ನೀನಾ? ನನ್ನ ತಮ್ಮ ಕಳೆದ ಅಂತ ಅಪ್ಪ ಅವನಿಗೆ ಬೆಲ್ಟಲ್ಲಿ ಹೊಡೆದಿದ್ರು ಕಣೋ. ನಾನಲ್ಲ, ನಾನಲ್ಲ ಅಂತಾನೇ ಇದ್ದ. ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ.”

ಸುತ್ತ ಹತ್ತಾರು ಆಟಗಳ ಸಂಗೀತ ಒಟ್ಟಿಗೇ ಮೊಳಗುತ್ತಿತ್ತು. ಕ್ಯಾಸೆಟ್ ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದೆ.

ತಮ್ಮ ಈಗ ಹುಬ್ಬಳ್ಳಿಯಲ್ಲಿದ್ದಾನಂತೆ. ಈ ಶನಿವಾರಕ್ಕೆ ರೈಲಿನ ಟಿಕೆಟ್ ಮಾಡಿಸಿದ್ದೀನಿ. ಇದು ಕೊರಿಯರ್‌ನಲ್ಲಿ ಕಳಿಸೋ ವಸ್ತು ಅಲ್ಲ.