ಪೆಟ್ಟಿಗೆಯಲ್ಲಿ ಬಾರದ ಸಾಮಾನುಗಳು

ಆದಿತ್ಯವಾರ ಪೂಜೆ ಮುಗಿಸಿ ಚರ್ಚ್ ಅಂಗಳಕ್ಕೆ ಇಳಿದರೆ ಈಗ ನಮ್ಮ ಯೂತ್‌ನವರದ್ದು ಒಂದೇ ಪ್ರಶ್ನೆ: "ಆ ಲೇಸರ್ ಮೆಷಿನ್‌ಗೆ ಎಷ್ಟಾಯಿತು ಮಾರಾಯ? ನಾವೂ ತರಿಸಬಹುದಾ?" ಧಾರಾಳ ತರಿಸಬಹುದು. ಆದರೆ ಬೆಲೆ ಮಾತ್ರ ಹೇಳಿ ಸುಮ್ಮನಾದರೆ ಅರ್ಧ ಮಾತು ಹೇಳಿದ ಹಾಗೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ತರಿಸಿದ್ದು ಚೀನಾದಲ್ಲಿ ತಯಾರಾದ, ಮರದ ಮೇಲೆ ಅಕ್ಷರ, ಚಿತ್ರಗಳನ್ನು ಸುಟ್ಟು ಮೂಡಿಸುವ ಸಣ್ಣ ಯಂತ್ರ. ಆನ್‌ಲೈನ್‌ನಲ್ಲಿ ಸುಮಾರು 15,000 ರೂಪಾಯಿ. ಜಾಹೀರಾತಿನಲ್ಲಿ ದೊಡ್ಡದಾಗಿ 40 ವ್ಯಾಟ್ ಎಂದಿತ್ತು. ಈ ಜಾತಿಯ ಯಂತ್ರಗಳಲ್ಲಿ ಆ ಅಂಕಿ ಹೆಚ್ಚಾಗಿ ಯಂತ್ರ ಎಳೆಯುವ ಕರೆಂಟಿನದ್ದು, ಮರದ ಮೇಲೆ ಬೀಳುವ ಬೆಳಕಿನದ್ದಲ್ಲ. ಕೆಳಗೆ ಸಣ್ಣ ಅಕ್ಷರಗಳಲ್ಲಿ ಹುಡುಕಿದರೆ ಬೆಳಕಿನ ಶಕ್ತಿ 5 ವ್ಯಾಟ್ ಎಂದು ಸಿಗುತ್ತದೆ. ಕೊಳ್ಳುವಾಗ ನೋಡಬೇಕಾದ್ದು ಅದನ್ನು. ಹೆಸರು ಕೆತ್ತಲು 5 ವ್ಯಾಟ್ ಬೇಕಾದಷ್ಟಾಯಿತು.

ಜೋಡಿಸುವುದು ಕಷ್ಟವಲ್ಲ. ಅಲ್ಯೂಮಿನಿಯಂ ಪಟ್ಟಿಗಳು, ಚಕ್ರಗಳು, ಬೆಲ್ಟ್, ಮೋಟರ್ ಎಲ್ಲ ಹಿಡಿದುಕೊಂಡು ನಾನೂ ತಮ್ಮನೂ ಎರಡು ಗಂಟೆ ಕೂತೆವು. ಒಂದು ಕೆಲಸ ಮಾತ್ರ ಅವಸರದಲ್ಲಿ ಮಾಡಬೇಡಿ. ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದು ಎರಡೂ ಕಡೆ ಅಳೆಯಿರಿ. ಎರಡು ಅಳತೆಯೂ ಒಂದೇ ಬರುವ ತನಕ ಸ್ಕ್ರೂ ಬಿಗಿ ಮಾಡಬಾರದು. ಇಲ್ಲದಿದ್ದರೆ ಚೌಕ ಬರೆಯಲು ಹೇಳಿದರೆ ಯಂತ್ರ ಒಂದು ಬದಿಗೆ ವಾಲಿದ ಚೌಕ ಬರೆಯುತ್ತದೆ.

ಅಷ್ಟಾದ ಮೇಲೆ ಕಂಡದ್ದು ಪೆಟ್ಟಿಗೆಯಲ್ಲಿ ಏನೇನು ಇಲ್ಲ ಎಂಬುದು. ಮುಚ್ಚಳ ಇಲ್ಲ, ಹೊಗೆ ಹೋಗಲು ದಾರಿ ಇಲ್ಲ. ಕಣ್ಣಿಗೆಂದು ಒಂದು ಹಸಿರು ಪ್ಲಾಸ್ಟಿಕ್ ಕನ್ನಡಕ ಇತ್ತು, ಅದರ ಮೇಲೆ ಒಂದು ಅಂಕಿಯೂ ಇಲ್ಲ. ಬೆಲೆ ಕಡಿಮೆಯಾದದ್ದು ಇದರಿಂದಲೇ ಎಂದು ನನ್ನ ಲೆಕ್ಕ. ಅವರು ಬಿಟ್ಟದ್ದನ್ನು ನಾವು ಸೇರಿಸಬೇಕು.

ಈ ಯಂತ್ರದ ಬೆಳಕು ನೀಲಿ, ಸುಮಾರು 450 ನ್ಯಾನೊಮೀಟರ್. ಲೇಸರ್‌ಗಳ ಅಪಾಯದ ವರ್ಗೀಕರಣದಲ್ಲಿ ಇದು 4ನೇ ವರ್ಗ, ಅಂದರೆ ಎಲ್ಲಕ್ಕಿಂತ ಮೇಲಿನದು. ನೇರ ಕಣ್ಣಿಗೆ ಬೀಳಬೇಕೆಂದೇ ಇಲ್ಲ. ಹೊಳೆಯುವ ಒಂದು ಸ್ಟೀಲ್ ಸ್ಕೇಲಿಗೆ ತಾಗಿ ಹಾರಿದ ಬೆಳಕೂ ಸಾಕು. ನಾವು ರೆಪ್ಪೆ ಮುಚ್ಚುವ ಮೊದಲೇ ಕಣ್ಣಿನ ಹಿಂದಿನ ಪರದೆ ಸುಟ್ಟಿರುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ. ನಮ್ಮ ಮನೆಯಲ್ಲಿ ಅಕ್ಕನ ಇಬ್ಬರು ಮಕ್ಕಳು, ಐದು ವರ್ಷದವನು ಒಬ್ಬ, ಮೂರು ವರ್ಷದವಳು ಒಬ್ಬಳು. ನೀಲಿ ಬೆಳಕು ಮಿನುಗುತ್ತದೆ ಎಂದರೆ ಅವರು ದೂರ ನಿಲ್ಲುವವರೇ? "ಮೊದಲು ಅದಕ್ಕೊಂದು ಗೂಡು ಮಾಡು, ಮತ್ತೆ ಸ್ವಿಚ್ ಹಾಕು" ಎಂದಳು ಅಕ್ಕ. ಸರಿಯಾಗಿಯೇ ಹೇಳಿದಳು.

ಹಾಗಾಗಿ ಪ್ಲೈವುಡ್ಡಿನ ಗೂಡು ಮಾಡಿದೆವು. ಕಿಟಕಿ ಇಡಲಿಲ್ಲ, ಕಿತ್ತಳೆ ಬಣ್ಣದ ಯಾವುದೋ ಶೀಟನ್ನು ನಂಬುವ ಬದಲು ಒಂದು ಹಳೆಯ ಮೊಬೈಲನ್ನು ಒಳಗೆ ಇಟ್ಟು ಅದರ ಕ್ಯಾಮೆರಾ ಮೂಲಕ ಹೊರಗೆ ನೋಡುತ್ತೇನೆ. ಹಿಂದಿನಿಂದ ಎಕ್ಸಾಸ್ಟ್ ಫ್ಯಾನ್, ಅದಕ್ಕೆ ಪೈಪ್ ಹಾಕಿ ಹೊಗೆ ತೋಟದ ಕಡೆಗೆ. ಎಲೆಕ್ಟ್ರಿಷಿಯನ್ ಆಗಿರುವ ಮಾಮ ಬಂದು, ಬಾಗಿಲು ತೆರೆದ ಕೂಡಲೇ ಲೇಸರಿನ ಕರೆಂಟ್ ಕಡಿಯುವ ಸ್ವಿಚ್ ಕೂರಿಸಿಕೊಟ್ಟರು. ಕನ್ನಡಕ ಬೇರೆ ತರಿಸಿದೆ. ಅದರ ಮೇಲೆ 450 ನ್ಯಾನೊಮೀಟರಿಗೆ 'ಓಡಿ 5' ಎಂದು ಅಚ್ಚು ಇರುವುದನ್ನು ನೋಡಿಯೇ ತೆಗೆದುಕೊಂಡದ್ದು. ಬಂದ ಬೆಳಕಿನ ಲಕ್ಷದಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡುತ್ತದೆ ಎಂದು ಅದರ ಅರ್ಥ. ಎಲ್ಲ ಸೇರಿ ಇನ್ನೊಂದು 6,000 ರೂಪಾಯಿ. ಆದ್ದರಿಂದ ಬೆಲೆ ಕೇಳಿದವರಿಗೆ ನಾನು ಹೇಳುವುದು 21,000. ಅಷ್ಟು ಕೈಯಲ್ಲಿ ಇಲ್ಲದಿದ್ದರೆ ಇನ್ನೆರಡು ತಿಂಗಳು ಕಾಯಿರಿ. ಯಂತ್ರ ಓಡುವಾಗ ಅದನ್ನು ಬಿಟ್ಟು ಊಟಕ್ಕೆ ಏಳಬೇಡಿ. ಅದು ಮಾಡುವುದು ಬೆಂಕಿಯ ಕೆಲಸವೇ.

ಕಂಪ್ಯೂಟರಿನ ಕಡೆಗೆ ಬಂದರೆ, ವಿಂಡೋಸ್‌ಗೆ ಲೇಸರ್‌ಜಿಆರ್‌ಬಿಎಲ್ ಎಂಬ ಉಚಿತ ಪ್ರೋಗ್ರಾಂ ಉಂಟು. ಯಂತ್ರದ ಸೆಟ್ಟಿಂಗ್‌ನಲ್ಲಿ $32=1 ಇದೆಯೇ ಎಂದು ನೋಡಿಕೊಳ್ಳಿ. ಅದು ಲೇಸರ್ ಮೋಡ್. ಅದಿದ್ದರೆ ತಿರುವಿನಲ್ಲಿ ತಲೆ ನಿಧಾನವಾದಾಗ ಬೆಳಕೂ ತಗ್ಗಬಲ್ಲದು, ಮೂಲೆಗಳು ಕರಟುವುದಿಲ್ಲ. ಫೋಕಸ್ ಹುಡುಕಲು ಸುಲಭದ ದಾರಿ: ಒಂದು ಹಲಗೆಯ ತುಂಡನ್ನು ಓರೆಯಾಗಿ ಇಟ್ಟು ಅದರ ಮೇಲೆ ಒಂದು ಗೆರೆ ಎಳೆಸಿ. ಗೆರೆ ಎಲ್ಲಿ ಅತಿ ತೆಳ್ಳಗಿದೆಯೋ ಅಲ್ಲಿನ ಎತ್ತರವೇ ಸರಿಯಾದ ಎತ್ತರ. ಆಮೇಲೆ ಬೇರೆ ಬೇರೆ ವೇಗ, ಬೇರೆ ಬೇರೆ ಶಕ್ತಿಯಲ್ಲಿ ಸಣ್ಣ ಚೌಕಗಳನ್ನು ಸುಟ್ಟು ನೋಡಿ. ನಮ್ಮ ಹಲಸಿನ ಹಲಗೆಗೆ ನಿಮಿಷಕ್ಕೆ 3,000 ಮಿಲಿಮೀಟರ್ ವೇಗ, 60 ಶೇಕಡಾ ಶಕ್ತಿ ಚಂದ ಬಂತು. ಹಳದಿ ಮರದ ಮೇಲೆ ಕಡು ಕಂದು ಅಕ್ಷರ, ನೋಡಲು ಖುಷಿ. ಗೆರಟೆಯ ಮೇಲೂ ಬರುತ್ತದೆ, ಆದರೆ ಅದು ಉರುಟು. ನಡುವೆ ಫೋಕಸ್ ಸರಿ ಇದ್ದರೆ ಅಂಚಿನಲ್ಲಿ ಮಸುಕು.

ಪೆಟ್ಟಿಗೆಯಲ್ಲಿ ಬಾರದ ಇನ್ನೊಂದು ಸಾಮಾನು ಕನ್ನಡ. ಕೆಲವು ಪ್ರೋಗ್ರಾಂಗಳಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಕಳಚಿ ಬೀಳುತ್ತದೆ. 'ಕೃಪಾಶ್ರಯ' ಎಂದು ಕೊಟ್ಟರೆ 'ಶ್' ಬೇರೆ, 'ರ' ಬೇರೆ. ಇಂಕ್‌ಸ್ಕೇಪ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಅಲ್ಲಿ ಬರೆದು ಚಿತ್ರವಾಗಿ ಉಳಿಸಿ ಯಂತ್ರಕ್ಕೆ ಕೊಟ್ಟರೆ ಒತ್ತು ಎಲ್ಲಿಗೂ ಓಡುವುದಿಲ್ಲ. ಅಕ್ಷರ ತೀರಾ ಸಣ್ಣದಾದರೆ ಸುಡುವಾಗ ಅಂಚು ಹರಡಿ 'ಠ'ದ ಒಳಗಿನ ಚುಕ್ಕೆ ಮುಚ್ಚಿಹೋಗುತ್ತದೆ. ದಪ್ಪ ಫಾಂಟ್ ಬೇಡ. ನಾನು ಬಳಸುವುದು ನೋಟೊ ಸಾನ್ಸ್ ಕನ್ನಡದ ಸಾಧಾರಣ ದಪ್ಪದ್ದು.

ರೆಕ್ಸಿನ್ ಹೊದಿಕೆಯ ಪ್ರಾರ್ಥನೆ ಪುಸ್ತಕ ತಂದು "ಇದಕ್ಕೆ ಹೆಸರು ಹಾಕಿಕೊಡು ಮಗಾ" ಎಂದು ಕೇಳಿದ ಆಂಟಿಯವರಿಗೆ ಆಗುವುದಿಲ್ಲ ಎಂದೆ. ಅವರಿಗೆ ಬೇಸರವಾದದ್ದು ಮುಖದಲ್ಲೇ ಕಂಡಿತು. ಆದರೆ ರೆಕ್ಸಿನ್ ಹೆಚ್ಚಾಗಿ ಪಿವಿಸಿ. ಅದು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಶ್ವಾಸಕೋಶಕ್ಕೂ ಕೆಟ್ಟದ್ದು, ಯಂತ್ರಕ್ಕೂ ತುಕ್ಕು. ಪಿವಿಸಿ ಐಡಿ ಕಾರ್ಡಿಗೂ ಇದೇ ಉತ್ತರ. ಕೊನೆಗೆ ಅವರಿಗೆ ಹಲಸಿನ ತುಂಡಿನಲ್ಲಿ ಹೆಸರಿನ ಪುಸ್ತಕಗುರುತು ಮಾಡಿಕೊಟ್ಟೆ, ಈಗ ಮಾತಾಡುತ್ತಾರೆ.

ಇಷ್ಟೆಲ್ಲ ಸಾಹಸ ಅಜ್ಜಿಗಾಗಿ. ಅಜ್ಜಿಗೆ ಓದಲು ಬರುವುದು ಕನ್ನಡ ಮಾತ್ರ. ಕಾಸರಗೋಡಿನ ಈ ಮೂಲೆಯಲ್ಲಿ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಎಲ್ಲದಕ್ಕೂ ಮೊಮ್ಮಕ್ಕಳನ್ನು ಕೇಳಬೇಕು. "ನಮ್ಮ ಮನೆಯ ಹೆಸರಾದರೂ ನನಗೆ ಓದ್ಲಿಕ್ಕೆ ಆಗ್ಲಿ" ಎಂದಿದ್ದರು. 20 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಎತ್ತರದ ಫಲಕ. ಮಿಲಿಮೀಟರಿಗೆ 10 ಗೆರೆಯ ಲೆಕ್ಕದಲ್ಲಿ 800 ಗೆರೆ, ಹೆಚ್ಚುಕಡಿಮೆ ಒಂದು ಗಂಟೆ. ನಡುವೆ ಕರೆಂಟ್ ಹೋದರೆ ತಲೆ ಎಲ್ಲಿತ್ತೆಂದು ಯಂತ್ರಕ್ಕೆ ನೆನಪಿರುವುದಿಲ್ಲ, ಆದ್ದರಿಂದ ಇನ್‌ವರ್ಟರ್ ಲೈನಿಗೆ ಕೊಟ್ಟಿದ್ದೆ. ಒಂದು ಗಂಟೆಯೂ ಅಜ್ಜಿ ಮಕ್ಕಳಿಬ್ಬರನ್ನು ಮಡಿಲಲ್ಲಿ ಹಿಡಿದು ಮೊಬೈಲ್ ನೋಡುತ್ತಾ ಕೂತರು. ಎರಡು ಕೈ ವಾರ್ನಿಷ್ ಬಳಿದು, ಮಳೆ ಎರಚದ ಜಾಗ ನೋಡಿ ಜಗಲಿಯ ಗೋಡೆಗೆ ಹೊಡೆದೆ.

ಅಜ್ಜಿ ಹತ್ತಿರ ಬಂದು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಆಮೇಲೆ ಸ್ವಲ್ಪ ಯೋಚಿಸಿ, "ಪೋಸ್ಟಿನವನಿಗೆ ಕನ್ನಡ ಬರುವುದಿಲ್ಲ ಅಲ್ಲವಾ? ಅವನಿಗೊಂದು ಮಲಯಾಳದಲ್ಲಿ ಮಾಡಿ ಕೆಳಗೆ ಹಾಕು" ಎಂದರು.