ಕೆಂಚನನ್ನು ಮಲಗಿಸಿದ್ದು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಕೆಳಗಿಳಿದರೆ ನಮ್ಮ ಮನೆ. ನಾನು ಹೇಳುತ್ತಿರುವುದು 1980ರ ದಶಕದ ಮಾತು. ಅಡಿಕೆ ಕೊಯ್ಲಿನ ದಿನಗಳಲ್ಲಿ ಆ ಮನೆಗೆ ರಾತ್ರಿಯಾಗುತ್ತಿದ್ದುದೇ ತಡವಾಗಿ. ಅಂಗಳದ ಚಪ್ಪರದಡಿ ಗ್ಯಾಸ್‌ಲೈಟು ಬುಸುಗುಡುತ್ತಿತ್ತು. ಹೆಂಗಸರು, ಗಂಡಸರು ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯಲು ಕೂತರೆ ಊರಿನ ಒಂದು ಸುದ್ದಿಯೂ ಉಳಿಯುತ್ತಿರಲಿಲ್ಲ. ಸುಲಿದ ಅಡಿಕೆಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಹಾಗಾಗಿ ಬಾಯಿ ಎಷ್ಟೇ ಓಡಲಿ, ಕೈ ನಿಲ್ಲುತ್ತಿರಲಿಲ್ಲ.

ಕೆಂಚ ಬಂದದ್ದು ಅಂಥದೇ ಒಂದು ಸಂಜೆ, ಸುಲಿಯಲು ಬರುತ್ತಿದ್ದ ಮುದುಕಿಯೊಬ್ಬಳ ಸೆರಗಿನೊಳಗೆ. ಅವಳನ್ನು ಊರೆಲ್ಲ ದೊಡ್ಡಕ್ಕ ಎನ್ನುತ್ತಿತ್ತು, ನಾವು ಮಕ್ಕಳೂ ಹಾಗೇ ಕರೆಯುತ್ತಿದ್ದೆವು. ನಮ್ಮ ಕಡೆಯ ಊರನಾಯಿಗಳು ಮಳೆ ಹಿಂದಾಗುವ ಹೊತ್ತಿಗೆ ಬೆದೆಗೆ ಬಂದು, ಚಳಿ ಶುರುವಾಗುವಾಗ ಮರಿ ಹಾಕುತ್ತವೆ. ಕೆಂಚನಿಗೆ ಆಗ ಎರಡು ತಿಂಗಳಿದ್ದಿರಬೇಕು. ಹಾಲುಹಲ್ಲು ಬಂದಿದ್ದವು, ಗಂಜಿ ನೆಕ್ಕುತ್ತಿದ್ದ, ಹೊಟ್ಟೆ ಮಾತ್ರ ಮೈಗಿಂತ ದೊಡ್ಡದು.

ನಾಯಿ ಬೇಕಾಗಿದ್ದದ್ದು ಅಜ್ಜನಿಗೆ, ಅದೂ ಕಾವಲಿಗೆ. ಬೇಯಿಸಿದ ಅಡಿಕೆ ಅಟ್ಟದ ಮೇಲೆ ಒಣಗುತ್ತಿರುವಷ್ಟು ದಿನ ಅವರಿಗೆ ಕಳ್ಳರದೇ ಧ್ಯಾನ. ಹಿಂದಿನ ನಾಯಿಯನ್ನು ಮಳೆಗಾಲದಲ್ಲಿ ಚಿರತೆ ಜಗುಲಿಯ ಮೆಟ್ಟಿಲಿನಿಂದಲೇ ಹೊತ್ತೊಯ್ದಿತ್ತು. ಆದ್ದರಿಂದ ಮರಿಯನ್ನು ರಾತ್ರಿ ಹೊರಗೆ ಬಿಡುವ ಮಾತೇ ಇಲ್ಲ. ಮಡಿ ಮೈಲಿಗೆಯ ಮನೆಯೊಳಗೆ ಬಿಡುವುದು ಅದಕ್ಕಿಂತ ಕಷ್ಟ.

ಮೊದಲ ಸಂಜೆ ಅವನದು ಏನೂ ತಕರಾರಿಲ್ಲ. ಸಿಪ್ಪೆಯ ರಾಶಿಯ ಮೇಲೆ, ಅಷ್ಟು ಜನರ ಗದ್ದಲದ ನಡುವೆ, ಕಾಲು ಚಾಚಿ ನಿದ್ದೆ ಹೊಡೆದ. ‘ಪಾಪದ ಮರಿ’ ಎಂದು ಅಮ್ಮ ಮೆಚ್ಚಿದರು. ಹನ್ನೊಂದಕ್ಕೆ ಗ್ಯಾಸ್‌ಲೈಟು ಆರಿತು, ಸುಲಿಯುವವರು ದೊಂದಿ ಹಿಡಿದು ಮನೆಗಳಿಗೆ ಹೋದರು. ಶುರುವಾದದ್ದು ಆಮೇಲೆ.

ಬಚ್ಚಲಲ್ಲಿ ಒಲೆಯ ಬಿಸಿ ಇರುತ್ತದೆಂದು ಅಲ್ಲಿ ಬುಟ್ಟಿಯಿಟ್ಟು ಬಾಗಿಲು ಹಾಕಿದ್ದರು. ನಾನು ಬಾಗಿಲ ಸಂದಿಯಿಂದ ಇಣುಕಿದೆ. ಮೊದಲು ಮೂಗಿನಲ್ಲೇ ಕುಂಯ್ ಎಂದ. ಆಮೇಲೆ ಕೂತು, ಮೂತಿ ಮೇಲೆತ್ತಿ, ಕತ್ತು ಉದ್ದ ಮಾಡಿ ಊಳಿಟ್ಟ. ಚಕ್ಕನೆ ನಿಲ್ಲಿಸಿದ. ಒಂದು ಕಿವಿ ಎತ್ತಿ, ತಲೆ ವಾಲಿಸಿ ಕಾದ. ಮತ್ತೆ ಊಳಿಟ್ಟ, ಮತ್ತೆ ಕಾದ. ಎಲ್ಲರಿಗೂ ಕೇಳಿಸುತ್ತಿದ್ದುದು ಕೂಗು. ನನಗೆ ಕಂಡದ್ದು ಆ ನಡುನಡುವಿನ ಕಾಯುವಿಕೆ. ಅವನು ಯಾರನ್ನೋ ಕರೆಯುತ್ತಿದ್ದ, ಓಗೊಡುತ್ತಾರೇನೋ ಎಂದು ಆಲಿಸುತ್ತಿದ್ದ.

‘ಅತ್ತೂ ಅತ್ತೂ ಸುಸ್ತಾಗಿ ಮಲಗ್ತದೆ, ಬಿಡಿ’ ಎಂದರು ಅಜ್ಜ. ಮಲಗಲಿಲ್ಲ. ಮೇಲಾಗಿ ಮರಿಯ ಕೂಗೆಂದರೆ ಗುಡ್ಡದ ಚಿರತೆಗೆ ಊಟಕ್ಕೆ ಕರೆದಂತೆ ಎಂಬುದು ಅಜ್ಜನಿಗೂ ಗೊತ್ತಿತ್ತು; ಮಗ್ಗುಲು ಬದಲಿಸುತ್ತಲೇ ಇದ್ದರು. ಚಿಕ್ಕಪ್ಪ ಎಲ್ಲೋ ಕೇಳಿದ ಉಪಾಯವೊಂದನ್ನು ತಂದರು: ಟಿಕ್‌ಟಿಕ್ ಎನ್ನುವ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿ ಮರಿಯ ಪಕ್ಕ ಇಟ್ಟರೆ ಅದನ್ನು ತಾಯಿಯ ಎದೆಬಡಿತ ಅಂದುಕೊಳ್ಳುತ್ತದಂತೆ. ಅಂದುಕೊಂಡಿತೋ ಏನೋ, ಸ್ವಲ್ಪ ಹೊತ್ತು ಸುಮ್ಮನಾದದ್ದು ನಿಜ. ಆದರೆ ಅದು ಅಡಿಕೆ ಬೇಯಿಸಲು ಏಳುವುದಕ್ಕೆಂದು ಇಟ್ಟಿದ್ದ ಅಲಾರಂ ಗಡಿಯಾರ. ನಾಲ್ಕಕ್ಕೆ ತಾಯಿಯ ಎದೆ ಗಣಗಣ ಎಂದು ಹೊಡೆದುಕೊಂಡಾಗ ಕೆಂಚ ಹಂಡೆಯ ಹಿಂದೆ ನುಗ್ಗಿ ಮೈಯೆಲ್ಲ ಮಸಿಯಾದ.

ಮರುದಿನ ದೊಡ್ಡಕ್ಕ ಎಲ್ಲ ಕೇಳಿಸಿಕೊಂಡು ನಗಲಿಲ್ಲ, ಬೈದಳು. ‘ಹಟ ಅಲ್ದ್ರಾ ಅದು. ಹುಟ್ಟಿದ್ ದಿವಸದಿಂದ ಅದು ಒಬ್ನೇ ಮಲಗಿದ್ದುಂಟಾ?’ ಅಷ್ಟಕ್ಕೇ ನಿಲ್ಲಿಸದೆ, ಅದರ ಮರುದಿನ ಒಂದು ಹರಕು ಗೋಣಿ ತಂದಳು. ತಾಯಿನಾಯಿ ಮರಿಗಳನ್ನು ಹಾಕಿಕೊಂಡು ಮಲಗುತ್ತಿದ್ದ ಗೋಣಿ. ಅದರ ವಾಸನೆಗೆ ಅಮ್ಮ ಮೂಗು ಮುಚ್ಚಿಕೊಂಡರು. ಕೆಂಚ ಅದರೊಳಗೆ ಮೂಗು ತೂರಿಸಿ, ಮೂರು ಸುತ್ತು ಸುತ್ತಿ, ಧೊಪ್ಪನೆ ಬಿದ್ದುಕೊಂಡ.

ದೊಡ್ಡಕ್ಕನ ಅಪ್ಪಣೆಗಳು ಇನ್ನೂ ಇದ್ದವು. ಬುಟ್ಟಿ ಬಚ್ಚಲಲ್ಲಿ ಬೇಡ, ಯಾರಾದರೂ ಮಲಗುವ ಕಡೆ ಇರಲಿ. ಗಂಜಿ ಹಾಲು ಕತ್ತಲಾಗುವ ಮೊದಲೇ ಆಗಲಿ. ಎಲ್ಲರೂ ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ಒಮ್ಮೆ ಹೊರಗೆ ಎತ್ತಿಕೊಂಡು ಹೋಗಿ ದಿನಾ ಒಂದೇ ಜಾಗದಲ್ಲಿ ಇಳಿಸಬೇಕು. ಉಚ್ಚೆ ಹೊಯ್ದ ಮೇಲೆ ಆಟವಿಲ್ಲ, ಮಾತಿಲ್ಲ, ನೇರ ಬುಟ್ಟಿಗೆ. ‘ನಡುರಾತ್ರೀಲಿ ಮುದ್ದು ಮಾಡಿದ್ರೆ ಅದ್ಕೆ ಅದೇ ಹಗಲಾಗ್ತದೆ.’

ಇವತ್ತು ಪಶುವೈದ್ಯರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಮರಿಗಳಿಗೆ ಹುಟ್ಟಿದ ಮೊದಲ ವಾರಗಳಲ್ಲಿ ತಮ್ಮ ಮೈಬಿಸಿಯನ್ನು ತಾವೇ ಕಾಯ್ದುಕೊಳ್ಳಲು ಬರುವುದಿಲ್ಲ, ಒಂದರ ಮೇಲೊಂದು ಬಿದ್ದು ಮಲಗಿದರೇ ಬದುಕು. ಚಳಿ ತಡೆಯುವ ಶಕ್ತಿ ಬಂದ ಮೇಲೂ ಮೈಗೆ ಮೈ ತಾಗಿಸುವ ಅಭ್ಯಾಸ ಉಳಿದಿರುತ್ತದೆ. ಎರಡು ತಿಂಗಳ ಮರಿ ರಾತ್ರಿಯಿಡೀ ಮೂತ್ರ ಹಿಡಿದುಕೊಳ್ಳಲಾರದು. ಅದರ ಕೆಲವು ಅಳುಗಳಿಗೆ ಇಷ್ಟೇ ಕಾರಣ. ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಮರಿಗಳನ್ನು ಸಾಕಿ, ಗಮನಿಸಿ, 1965ರಲ್ಲಿ ದೊಡ್ಡ ಪುಸ್ತಕ ಬರೆದರು. ಮರಿ ಯಾರನ್ನು ತನ್ನವರೆಂದು ಹಚ್ಚಿಕೊಳ್ಳುತ್ತದೆ ಎಂಬುದು ಸುಮಾರು ಮೂರರಿಂದ ಹನ್ನೆರಡನೆಯ ವಾರದೊಳಗೆ ಗಟ್ಟಿಯಾಗುತ್ತದೆ ಎಂದು ಅವರು ಕಂಡುಕೊಂಡರು. ಅಂದರೆ ನಾವು ಮರಿಯನ್ನು ತಾಯಿಯಿಂದ ಬಿಡಿಸಿ ತರುವುದು ಸರಿಯಾಗಿ ಆ ಹೊತ್ತಿನಲ್ಲೇ. ಅಂಥ ದಿನಗಳಲ್ಲಿ ಬಾಗಿಲು ಹಾಕಿ ‘ಅಳಲಿ ಬಿಡಿ’ ಎನ್ನುವುದು ಶಿಸ್ತು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಈಗಲೂ ಈ ಸಲಹೆ ಧಾರಾಳವಾಗಿ ಸಿಗುತ್ತದೆ, ಕೊಡುವವರು ಪಕ್ಕದ ಫ್ಲ್ಯಾಟಿನವರಲ್ಲದಿದ್ದರೆ.

ಬುಟ್ಟಿ ನಮ್ಮ ಹಾಸಿಗೆಗಳ ಸಾಲಿನ ಪಕ್ಕಕ್ಕೆ ಬಂತು. ಚಿಕ್ಕಪ್ಪನೂ ನಾನೂ ಪಡಸಾಲೆಯಲ್ಲಿ ಮಲಗುತ್ತಿದ್ದೆವು; ಅಲ್ಲಿಯವರೆಗೆ ಬರಲು ಅಜ್ಜಿಯ ಒಪ್ಪಿಗೆಯಿತ್ತು. ಕೆಂಚ ಕುಂಯ್ ಎಂದಾಗ ನಾನು ಕೈ ಬುಟ್ಟಿಯೊಳಗೆ ಇಳಿಬಿಡುತ್ತಿದ್ದೆ. ಎತ್ತಿಕೊಳ್ಳುತ್ತಿರಲಿಲ್ಲ, ಸುಮ್ಮನೆ ಕೈ, ಅಷ್ಟೆ. ಒದ್ದೆ ಮೂಗು ಒಮ್ಮೆ ಬೆರಳು ಮೂಸುತ್ತಿತ್ತು, ಆಮೇಲೆ ಗಲ್ಲ ಅಂಗೈಮೇಲೆ ಭಾರವಾಗುತ್ತಿತ್ತು. ನಡುರಾತ್ರಿಯ ಸವಾರಿ ಚಿಕ್ಕಪ್ಪನ ಪಾಲಿಗೆ. ಒಂದು ಕೈಯಲ್ಲಿ ಮೂರು ಸೆಲ್ಲಿನ ಟಾರ್ಚು, ಇನ್ನೊಂದರಲ್ಲಿ ಮರಿ. ಹೊರಡುವ ಮುಂಚೆ ಅಂಗಳದ ಸುತ್ತ ಬೆಳಕು ಬಿಟ್ಟು, ಹೊಳೆಯುವ ಕಣ್ಣುಗಳಿಲ್ಲವೆಂದು ಖಾತ್ರಿ ಮಾಡಿಕೊಂಡು ಇಳಿಯುತ್ತಿದ್ದರು.

ವಾರ ಕಳೆಯುವಷ್ಟರಲ್ಲಿ ಅಳು ಹೆಚ್ಚುಕಡಿಮೆ ನಿಂತಿತು. ಅಜ್ಜಿ ಬುಟ್ಟಿಯನ್ನು ಯಾರಿಗೂ ಹೇಳದೆ ದಿನಾ ಒಂದು ಗೇಣು ಬಾಗಿಲ ಕಡೆ ಸರಿಸುತ್ತಿದ್ದರು. ಕೆಂಚನಿಗೆ ತಿಳಿಯಲಿಲ್ಲ, ನನಗೆ ತಿಳಿದದ್ದು ಕೈ ಎಟುಕದೆ ಹೋದಾಗ. ಸುಲಿತ ಮುಗಿದು ಮನೆ ಬಿಕೋ ಎನ್ನುವ ಹೊತ್ತಿಗೆ ಬುಟ್ಟಿ ಹೊಸಿಲು ದಾಟಿ, ಸರಳು ಹಾಕಿಸಿದ ಜಗುಲಿ ಸೇರಿತ್ತು. ಗೋಣಿ ಮಾತ್ರ ದೊಡ್ಡಕ್ಕ ವಾಪಸ್ ಒಯ್ದಳು, ಅವಳಿಗೆ ದರಕು ತುಂಬಲು ಬೇಕಿತ್ತಂತೆ.

ಆದರೆ ಅಜ್ಜನ ಕಷ್ಟ ಆಗ ಶುರುವಾಯಿತು. ಕಾವಲಿಗೆಂದು ತಂದ ನಾಯಿ ಕತ್ತಲಾದೊಡನೆ ಮಲಗಿದರೆ ಬೆಳಗ್ಗೆ ಹಾಲು ಕರೆಯುವವರೆಗೆ ಮಿಸುಕುತ್ತಿರಲಿಲ್ಲ. ಕಾಡುಹಂದಿ ತೋಟದಲ್ಲಿ ಗೆಡ್ಡೆ ಬಗೆದು ಹೋದರೂ ಗೊರಕೆ. ‘ರಾತ್ರಿ ನಿದ್ದೆ ಮಾಡೋದನ್ನ ಕಲಿಸ್ಲಿಕ್ಕೆ ಊರೆಲ್ಲ ಸೇರಿದ್ರಿ, ಈಗ ಎಬ್ಬಿಸೋರು ಯಾರು?’ ಎಂದು ದಿನಾ ಗೊಣಗುತ್ತಿದ್ದರು. ಮರಿಗಳು ಜಾಗ ಕಾಯುವ ಬೊಗಳು ಕಲಿಯಲು ಇನ್ನಷ್ಟು ತಿಂಗಳು ಬೇಕು ಎಂಬುದನ್ನು ಕೇಳುವ ತಾಳ್ಮೆ ಅವರಿಗಿರಲಿಲ್ಲ. ಕೆಂಚ ಮೊಟ್ಟಮೊದಲು ನಿಜವಾಗಿ ಬೊಗಳಿದ್ದು ಬೇಸಗೆಯಲ್ಲಿ, ಅಜ್ಜ ಇಡೀ ರಾತ್ರಿ ಬಯಲಾಟ ನೋಡಿ ಕಂಬಳಿ ಹೊದ್ದು ನಸುಕಿನಲ್ಲಿ ಅಂಗಳಕ್ಕೆ ಕಾಲಿಟ್ಟಾಗ. ‘ನಾನು ಕಣೋ, ನಾನು’ ಎಂದು ಅವರು ತಮ್ಮ ಟಾರ್ಚನ್ನು ತಮ್ಮ ಮುಖಕ್ಕೇ ಬಿಟ್ಟುಕೊಂಡು ನಿಂತಿದ್ದರು. ಚಿಕ್ಕಪ್ಪ ಎದ್ದು ಹೋಗುವವರೆಗೆ ಕೆಂಚ ಅವರನ್ನು ಒಂದು ಹೆಜ್ಜೆಯೂ ಮುಂದಿಡಲು ಬಿಡಲಿಲ್ಲ.