ಕಬ್ಬಿಣದ ಮುನಿಸು

ನಾವು ಅಣ್ಣತಮ್ಮಂದಿರಿಬ್ಬರು ಪುಣೆಗೆ ಬಂದದ್ದು 1974ರಲ್ಲಿ. ಅಪ್ಪ ತೀರಿಕೊಂಡ ಮೇಲೆ ಬೆಂಗಳೂರಿನ ಮನೆ ಖಾಲಿ ಮಾಡಿದಾಗ ನಮ್ಮ ಪಾಲಿಗೆ ಬಂದದ್ದು ಎರಡು ಕೈಗಡಿಯಾರ. ಒಂದು ದಿನಾ ಕೀ ಕೊಡಬೇಕಾದ ಎಚ್.ಎಂ.ಟಿ. ಜನತಾ, ಇನ್ನೊಂದು ಅದೇ ಹೆಸರಿನ ಕ್ವಾರ್ಟ್ಜ್. ಎರಡೂ ಇಂದಿಗೂ ನಡೆಯುತ್ತವೆ. ನಾವು ಇಲ್ಲಿ ಫುಟ್‌ಪಾತಿನಲ್ಲಿ ಕೊಂಡ ಗಡಿಯಾರಗಳಾದರೋ ಎರಡನೆಯ ಮಳೆಗಾಲ ಕಂಡದ್ದಿಲ್ಲ.

ಇದರ ಗುಟ್ಟು ಗಡಿಯಾರದಲ್ಲಿಲ್ಲ, ಲೇತಿನಲ್ಲಿದೆ ಎನ್ನುತ್ತಿದ್ದರು ಅಪ್ಪ. ಅವರು ಜಾಲಹಳ್ಳಿಯ ಕಾರ್ಖಾನೆಯಲ್ಲಿ ಯಂತ್ರ ಕಟ್ಟುವ ವಿಭಾಗದಲ್ಲಿದ್ದವರು. ಹಿಂದೂಸ್ಥಾನ್ ಮಷೀನ್ ಟೂಲ್ಸ್ 1953ರಲ್ಲಿ ಹುಟ್ಟಿದ್ದೇ ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರಕ್ಕೆ ಕೈಹಾಕಿದ್ದು 1961ರಲ್ಲಿ. ಟನ್ನುಗಟ್ಟಲೆ ಕಬ್ಬಿಣದೊಡನೆ ಹೆಣಗುವವರಿಗೆ ಈ ಗುಲಗಂಜಿ ಕೆಲಸ ಹೇಗೆ ಒಗ್ಗಿತೆಂದು ನಾವು ಕೇಳಿದ್ದುಂಟು.

ಲೇತಿನ ಹಾಸನ್ನು ಎರಕ ಹೊಯ್ದ ಕೂಡಲೆ ಕೆತ್ತುವಂತಿಲ್ಲ. ಆರುವಾಗ ಒಳಗೆ ಬಿಗಿತ ಉಳಿದಿರುತ್ತದೆ. ಅವಸರಪಟ್ಟರೆ ಆಮೇಲೆ ಸೊಟ್ಟಗಾಗುತ್ತದೆ. ಹಳೆಯ ಪದ್ಧತಿಯಲ್ಲಿ ಅದನ್ನು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಡುತ್ತಿದ್ದರು. "ಕಬ್ಬಿಣದ ಮುನಿಸು ಇಳೀಬೇಕು ಕಣ್ರೋ" ಎನ್ನುತ್ತಿದ್ದರು ಅಪ್ಪ. ಬಳಿಕ ಸಮಪಟ್ಟಿಗೆ ನೀಲಿ ಸವರಿ ಹಾಸಿನ ಮೇಲೆ ಉಜ್ಜಿ, ಬಣ್ಣ ಹತ್ತಿದ ಉಬ್ಬುಗಳನ್ನಷ್ಟೇ ಕೈಯಿಂದ ಹೆರೆಯುವುದು. ಮತ್ತೆ ಉಜ್ಜುವುದು, ಮತ್ತೆ ಹೆರೆಯುವುದು.

ಗಡಿಯಾರದ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ತೆಳು. ಅದನ್ನು ಕಡೆಯುವ ಯಂತ್ರವೇ ಅಲುಗಿದರೆ ಗತಿಯೇನು? ಕ್ವಾರ್ಟ್ಜ್ ಬಂದಾಗ ಇದೆಲ್ಲ ಮುಗಿಯಿತೆಂದುಕೊಂಡೆವು. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸರ್ಕ್ಯೂಟು ಆ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧಿಸಿ ಸೆಕೆಂಡಿಗೊಂದು ಮಿಡಿತಕ್ಕೆ ತರುತ್ತದೆ. ಆದರೆ ಮುಳ್ಳನ್ನು ನಡೆಸುವುದು ಪುಟ್ಟ ಮೋಟಾರು ಮತ್ತು ಹಲ್ಲಿನ ಚಕ್ರಗಳೇ. ಅಚ್ಚು ಕೂರುವ ತೂತು ಕೂದಲೆಳೆಯಷ್ಟು ಆಚೀಚೆಯಾದರೂ ಚಕ್ರ ತಡವರಿಸುತ್ತದೆ. ಹರಳಿನ ಲೆಕ್ಕ ಸರಿಯಿದ್ದರೂ ಮುಳ್ಳು ಸುಳ್ಳು ಹೇಳುತ್ತದೆ.

ಕೆಲಸ ಒಳ್ಳೆಯದಾದ ಮಾತ್ರಕ್ಕೆ ಕಾರ್ಖಾನೆ ಉಳಿಯುವುದಿಲ್ಲವೆಂಬುದೂ ನಮಗೆ ಗೊತ್ತಾಯಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಸುದ್ದಿ ಓದಿ ಬೆಂಗಳೂರಿಗೆ ಫೋನು ಮಾಡಿದೆವು. ಎಂಬತ್ತೆಂಟರ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. "ವಾಚು ಇನ್ಯಾರಾದರೂ ಮಾಡ್ತಾರೆ. ಅಳೆಯೋದು ಕಲಿತ ಕೈಗಳು ಚೆದುರಿ ಹೋದವಲ್ಲ" ಎಂದಷ್ಟೇ ಅಂದರು.

ಅಣ್ಣನ ಮೊಮ್ಮಗ ಈ ವರ್ಷ ಎಲೆಕ್ಟ್ರಾನಿಕ್ಸ್ ಓದಲು ಕಾಲೇಜು ಸೇರಿದ. ಕ್ವಾರ್ಟ್ಜನ್ನು ಅವನ ಕೈಗೆ ಕೊಟ್ಟೆವು. ಸೆಲ್ ಬದಲಿಸಲು ಹಿಂಬದಿ ಬಿಚ್ಚಿದವನು ಮೊದಲು ಸರ್ಕ್ಯೂಟನ್ನು ನೋಡಿದ. ಆಮೇಲೆ ಭೂತಗನ್ನಡಿ ತರಿಸಿಕೊಂಡು, ಚಕ್ರಗಳನ್ನೇ ನೋಡುತ್ತ ಕುಳಿತ. ಊಟಕ್ಕೆ ನಾವೇ ಎರಡು ಸಲ ಕರೆಯಬೇಕಾಯಿತು.